ವಿಲಿಯಂ ಜೇಮ್ಸ್: ಕುಗ್ಗಿದ ವಿದ್ಯಾರ್ಥಿ, ಆಸರೆಯಾದ ಅಧ್ಯಾಪಕ

ನಮ್ಮ ಬಿ.ಎಡ್. ತರಗತಿಗಳಲ್ಲಿ ವಿಲಿಯಂ ಜೇಮ್ಸ್ ಅವರ ಹೆಸರು ಕೇಳದವರಿಲ್ಲ. ಮನೋವಿಜ್ಞಾನದಲ್ಲಿ ಕಾರ್ಯವಾದಕ್ಕೆ ದಾರಿ ಮಾಡಿದವರು, ಜೇಮ್ಸ್–ಲ್ಯಾಂಗ್ ಸಂವೇಗ ಸಿದ್ಧಾಂತವನ್ನು ಕೊಟ್ಟವರಲ್ಲಿ ಒಬ್ಬರು, ಅಭ್ಯಾಸ ಹೇಗೆ ಬೇರೂರುತ್ತದೆ ಎಂದು ವಿವರಿಸಿದವರು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಆದರೆ ಇದೇ ಜೇಮ್ಸ್ ತಮ್ಮ ವಿದ್ಯಾರ್ಥಿ ದೆಸೆಯ ಕೊನೆಯಲ್ಲಿ ವರ್ಷಗಟ್ಟಲೆ ಖಿನ್ನತೆಯಿಂದ ನರಳಿದರು, ಬದುಕೇ ಬೇಡವೆಂಬ ಯೋಚನೆಯವರೆಗೂ ಹೋಗಿದ್ದರು, ವೈದ್ಯಕೀಯ ಪದವಿ ಕೈಯಲ್ಲಿದ್ದರೂ ಯಾವ ಕೆಲಸಕ್ಕೂ ಕೈಹಾಕಲಾಗದೆ ಮನೆಯಲ್ಲಿ ಕುಳಿತಿದ್ದರು ಎಂಬುದು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಮತ್ತು ಸಿಬ್ಬಂದಿಯ ಮಾನಸಿಕ ಸ್ವಾಸ್ಥ್ಯದ ಮಾತು ಹೆಚ್ಚು ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಅವರ ಬದುಕನ್ನು ಆ ಕಡೆಯಿಂದ ಒಮ್ಮೆ ನೋಡುವುದು ಉಚಿತ.

ಬಾಲ್ಯ ಮತ್ತು ಗೊತ್ತುಗುರಿಯಿಲ್ಲದ ಓದು

ವಿಲಿಯಂ ಜೇಮ್ಸ್ 1842ರ ಜನವರಿ 11ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಐವರು ಮಕ್ಕಳಲ್ಲಿ ಹಿರಿಯರು. ತಂದೆ ಹೆನ್ರಿ ಜೇಮ್ಸ್ ಧಾರ್ಮಿಕ ಚಿಂತಕರು. ಪಿತ್ರಾರ್ಜಿತ ಆಸ್ತಿ ಇದ್ದುದರಿಂದ ಸಂಪಾದನೆಯ ಚಿಂತೆ ಇರಲಿಲ್ಲ. ತಮ್ಮ ಹೆನ್ರಿ ಮುಂದೆ ಹೆಸರಾಂತ ಕಾದಂಬರಿಕಾರರಾದರು. ತಂಗಿ ಆಲಿಸ್ ಬರೆದ ದಿನಚರಿ ಅವರ ಮರಣಾನಂತರ ಪ್ರಸಿದ್ಧವಾಯಿತು.

ಮಕ್ಕಳಿಗೆ ಒಳ್ಳೆಯ ಶಿಕ್ಷಣ ಕೊಡಬೇಕೆಂಬ ಹಂಬಲದಲ್ಲಿ ತಂದೆ ಅವರನ್ನು ಅಮೆರಿಕ ಮತ್ತು ಯೂರೋಪುಗಳ ನಡುವೆ ಮತ್ತೆ ಮತ್ತೆ ಕರೆದೊಯ್ದರು. ಶಾಲೆಗಳು ಬದಲಾದವು, ಮನೆಪಾಠದ ಶಿಕ್ಷಕರು ಬದಲಾದರು. ಇದರಿಂದ ವಿಲಿಯಂಗೆ ಹಲವು ಭಾಷೆಗಳು ಬಂದವು. ಒಂದೇ ದಾರಿಯಲ್ಲಿ ನಡೆಯುವ ರೂಢಿ ಮಾತ್ರ ಬರಲಿಲ್ಲ. 1860ರಲ್ಲಿ ಚಿತ್ರಕಲೆ ಕಲಿಯತೊಡಗಿ ಮರುವರ್ಷವೇ ಬಿಟ್ಟರು. 1861ರಲ್ಲಿ ಹಾರ್ವರ್ಡ್‌ನ ವಿಜ್ಞಾನ ಶಾಲೆ ಸೇರಿ ರಸಾಯನಶಾಸ್ತ್ರ ಓದಿದರು. ಅಲ್ಲಿ ಅವರಿಗೆ ಪಾಠ ಹೇಳಿದವರು ಚಾರ್ಲ್ಸ್ ಎಲಿಯಟ್. ಈ ಹೆಸರು ಮುಂದೆ ಮತ್ತೆ ಬರುತ್ತದೆ. 1864ರಲ್ಲಿ ವೈದ್ಯಕೀಯ ಶಾಲೆಗೆ ಸೇರಿದರು. ಮರುವರ್ಷ ಓದನ್ನು ನಿಲ್ಲಿಸಿ ಪ್ರಕೃತಿವಿಜ್ಞಾನಿ ಲೂಯಿ ಅಗಾಸಿ ಅವರ ತಂಡದೊಂದಿಗೆ ಬ್ರೆಜಿಲ್‌ನ ಅಮೆಜಾನ್ ಪ್ರದೇಶಕ್ಕೆ ಹೋದರು. ಅಲ್ಲಿ ಸಿಡುಬಿನಂಥ ಕಾಯಿಲೆ ಬಿದ್ದು ಬಳಲಿದರು.

ಈ ಅಲೆದಾಟವನ್ನು ಇಂದಿನ ಪ್ರವೇಶ ಸಮಿತಿಯೊಂದು ನೋಡಿದ್ದರೆ ಅಸ್ಥಿರ ಅಭ್ಯರ್ಥಿ ಎಂದು ಬರೆದುಕೊಳ್ಳುತ್ತಿತ್ತೇನೋ. ಆದರೆ ಚಿತ್ರಕಾರನ ಕಣ್ಣು, ವೈದ್ಯನ ಶರೀರಜ್ಞಾನ, ತತ್ತ್ವಜ್ಞಾನಿಯ ಪ್ರಶ್ನೆ ಈ ಮೂರೂ ಸೇರಿಯೇ ಅವರ ಮನೋವಿಜ್ಞಾನ ರೂಪುಗೊಂಡಿತು.

ಕುಗ್ಗಿದ ವರ್ಷಗಳು

1867ರಲ್ಲಿ ಜೇಮ್ಸ್ ಜರ್ಮನಿಗೆ ಹೋದರು. ಶರೀರಕ್ರಿಯಾಶಾಸ್ತ್ರ ಕಲಿಯುವುದು, ಬೆನ್ನುನೋವಿಗೆ ಸ್ನಾನಚಿಕಿತ್ಸೆ ಪಡೆಯುವುದು ಎರಡೂ ಉದ್ದೇಶವಾಗಿತ್ತು. ಬೆನ್ನು ಸರಿಹೋಗಲಿಲ್ಲ. ಕಣ್ಣು ಬೇಗ ದಣಿಯುತ್ತಿದ್ದುದರಿಂದ ಹೆಚ್ಚು ಹೊತ್ತು ಓದಲಾಗುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ನಿಂತು ಕೆಲಸ ಮಾಡಲಾಗುತ್ತಿರಲಿಲ್ಲ. ದೂರದ ಊರಿನಲ್ಲಿ ಒಂಟಿಯಾಗಿ, ಓದೂ ಸಾಗದೆ ಕುಳಿತಾಗ ಆತ್ಮಹತ್ಯೆಯ ಯೋಚನೆ ಬಂದುದನ್ನು ಆ ಕಾಲದ ಪತ್ರಗಳಲ್ಲಿ ಅವರು ಮುಚ್ಚಿಡಲಿಲ್ಲ.

1869ರಲ್ಲಿ ವೈದ್ಯಕೀಯ ಪದವಿ ಬಂದಿತು. ಪದವಿ ಬಂದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಆದದ್ದು ಬೇರೆ. ವೈದ್ಯವೃತ್ತಿ ಮಾಡುವ ಮನಸ್ಸಿರಲಿಲ್ಲ, ಬೇರೆ ದಾರಿ ಕಾಣಲಿಲ್ಲ. 1870ರ ಮಾರ್ಚ್‌ನಲ್ಲಿ ಆತ್ಮೀಯಳಾಗಿದ್ದ ಸೋದರಸಂಬಂಧಿ ಮಿನಿ ಟೆಂಪಲ್ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಈ ವರ್ಷಗಳಲ್ಲಿ ಒಂದು ಸಂಜೆ, ಕಾರಣವೇ ಇಲ್ಲದೆ ಒಂದು ಭಯ ಅವರನ್ನು ಇಡಿಯಾಗಿ ಹಿಡಿದುಕೊಂಡಿತು. ಹಿಂದೆ ಮಾನಸಿಕ ಆಸ್ಪತ್ರೆಯಲ್ಲಿ ಕಂಡಿದ್ದ, ಜಡವಾಗಿ ಕುಳಿತಿದ್ದ ಒಬ್ಬ ರೋಗಿಯ ಚಿತ್ರ ಕಣ್ಣೆದುರು ನಿಂತಿತು. ತಾನೂ ಹಾಗೆಯೇ ಆಗಬಹುದು ಎನಿಸಿತು. ತಿಂಗಳುಗಟ್ಟಲೆ ಕತ್ತಲಲ್ಲಿ ಒಬ್ಬರೇ ಹೋಗಲು ಅಂಜಿದರು. 1902ರಲ್ಲಿ ಪ್ರಕಟವಾದ ಧಾರ್ಮಿಕ ಅನುಭವಗಳ ಕುರಿತ ಗ್ರಂಥದಲ್ಲಿ ಈ ಅನುಭವವನ್ನು ಫ್ರೆಂಚ್ ವ್ಯಕ್ತಿಯೊಬ್ಬನದೆಂದು ಹೇಳಿ ಸೇರಿಸಿದರು. ಅದು ತಮ್ಮದೇ ಎಂದು ಬಹಿರಂಗವಾಗಿ ಹೇಳಲು ಅರವತ್ತರ ವಯಸ್ಸಿನ, ಜಗತ್ತೇ ಬಲ್ಲ ಪ್ರಾಧ್ಯಾಪಕರಿಗೂ ಸಂಕೋಚ ಅಡ್ಡ ಬಂದಿತು. ಹಾಗಿರುವಾಗ ಇಪ್ಪತ್ತೆರಡರ ಪ್ರಶಿಕ್ಷಣಾರ್ಥಿ ತನ್ನ ಕಷ್ಟವನ್ನು ಸ್ನೇಹಿತನದೆಂದು ಹೇಳಿಕೊಂಡು ಬಂದರೆ ಅಚ್ಚರಿಪಡಬೇಕಿಲ್ಲ.

1870ರ ಏಪ್ರಿಲ್ 30ರ ದಿನಚರಿಯಲ್ಲಿ ಒಂದು ತಿರುವು ಕಾಣುತ್ತದೆ. ಫ್ರೆಂಚ್ ತತ್ತ್ವಜ್ಞಾನಿ ರೆನೂವಿಯೆ ಅವರ ಬರಹ ಓದಿದ ಜೇಮ್ಸ್, ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯ ಇದೆಯೆಂದು ನಂಬಿ ನಡೆಯುವುದೆಂದು ತೀರ್ಮಾನಿಸಿದರು. ಈ ಪ್ರಸಂಗವನ್ನು ಮನಸ್ಸು ಮಾಡಿದರೆ ಎಲ್ಲ ಗೆಲ್ಲಬಹುದು ಎಂಬುದಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಇಲ್ಲಿ ನಾವು ಎಚ್ಚರವಾಗಿರಬೇಕು. ಆ ದಿನದ ತೀರ್ಮಾನದಿಂದ ಅವರು ಒಮ್ಮೆಗೇ ಗುಣವಾಗಲಿಲ್ಲ. ಮುಂದಿನ ಎರಡು ಮೂರು ವರ್ಷವೂ ಮನೆಯಲ್ಲೇ, ಏರಿಳಿತಗಳ ನಡುವೆ ಕಳೆಯಿತು. ಹೊಸ ವಿಚಾರ ಒಂದು ಹಿಡಿಗಂಬ ಕೊಟ್ಟಿತು, ಅಷ್ಟೆ. ಅದನ್ನು ಹಿಡಿದು ಮೇಲೇಳಲು ಬೇರೆ ಆಸರೆಗಳು ಬೇಕಾದವು.

ತರಗತಿ ಕೊಟ್ಟ ಆಸರೆ

ಆ ಆಸರೆ ಬಂದದ್ದು ಒಂದು ಸಂಸ್ಥೆಯಿಂದ. ರಸಾಯನಶಾಸ್ತ್ರ ಕಲಿಸಿದ್ದ ಎಲಿಯಟ್ 1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದರು. 1872ರಲ್ಲಿ ಅವರು ತಮ್ಮ ಹಳೆಯ ವಿದ್ಯಾರ್ಥಿಗೆ ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರ ಕಲಿಸುವ ಕೆಲಸ ಕೊಟ್ಟರು. 1873ರ ಜನವರಿಯಲ್ಲಿ ಪಾಠ ಆರಂಭವಾಯಿತು. ಆಗ ಜೇಮ್ಸ್‌ಗೆ 31 ವರ್ಷ. ಸಂಬಳ ತರುವ ಮೊದಲ ಕೆಲಸ.

ಪಾಠಕ್ಕೆ ಗೊತ್ತಾದ ದಿನ, ಗೊತ್ತಾದ ಗಂಟೆ, ಎದುರಿಗೆ ಕಾದು ಕುಳಿತ ವಿದ್ಯಾರ್ಥಿಗಳು. ತನ್ನನ್ನೇ ತಾನು ಅಗೆದು ನೋಡುತ್ತಿದ್ದ ಮನಸ್ಸಿಗೆ ಹೊರಗಿನ ಕೆಲಸ ಸಿಕ್ಕಿತು. ಕೆಲವೇ ವಾರಗಳಲ್ಲಿ ಮಗನಲ್ಲಿ ಆದ ಬದಲಾವಣೆಯನ್ನು ಕಂಡು ತಂದೆ ಸಂತೋಷದಿಂದ ಪತ್ರ ಬರೆದರು. ಆದರೂ ದಣಿವು ಪೂರ್ತಿ ಹೋಗಿರಲಿಲ್ಲ. ಹೆಚ್ಚಿನ ಹೊಣೆ ವಹಿಸಿಕೊಳ್ಳಲು ಎಲಿಯಟ್ ಕೇಳಿದಾಗ ಜೇಮ್ಸ್ ಹಿಂಜರಿದರು, ಒಪ್ಪಿದರು, ಬಳಿಕ ರಜೆ ಕೇಳಿದರು. ರಜೆ ಸಿಕ್ಕಿತು. 1873ರ ಶರತ್ಕಾಲದಿಂದ ಮರುವರ್ಷದ ಮಾರ್ಚ್‌ವರೆಗೆ ಇಟಲಿಯಲ್ಲಿ ತಮ್ಮನೊಂದಿಗೆ ಕಳೆದು ಹಿಂತಿರುಗಿದಾಗ ಅವರ ಸ್ಥಾನ ಹಾಗೆಯೇ ಉಳಿದಿತ್ತು. ಒಂದು ವರ್ಷವೂ ಪೂರ್ತಿ ಪಾಠ ಮಾಡದ ಹೊಸ ಉಪನ್ಯಾಸಕರಿಗೆ ಆರೋಗ್ಯದ ಕಾರಣಕ್ಕೆ ಬಿಡುವು ಕೊಟ್ಟು, ಹಿಂದೆ ಬಂದಾಗ ಮತ್ತೆ ತರಗತಿ ಕೊಟ್ಟದ್ದು ಜೇಮ್ಸ್‌ರ ಬದುಕಿನಲ್ಲಿ ರೆನೂವಿಯೆ ಓದಿನಷ್ಟೇ ಮುಖ್ಯವಾದ ಘಟನೆ ಎನ್ನಬೇಕು.

ಅಲ್ಲಿಂದ ಅವರು ನಿಂತು ನಡೆದರು. 1875ರಲ್ಲಿ ಮನೋವಿಜ್ಞಾನದ ಪಾಠ ಆರಂಭಿಸಿದರು. 1878ರಲ್ಲಿ ಆಲಿಸ್ ಗಿಬ್ಬೆನ್ಸ್ ಅವರನ್ನು ಮದುವೆಯಾದರು. ಆ ದಾಂಪತ್ಯ ಅವರಿಗೆ ಸ್ಥಿರತೆ ತಂದಿತು. ಅದೇ ವರ್ಷ ಮನೋವಿಜ್ಞಾನದ ಪಠ್ಯವೊಂದನ್ನು ಎರಡು ವರ್ಷದಲ್ಲಿ ಬರೆದುಕೊಡುವುದಾಗಿ ಪ್ರಕಾಶಕರಿಗೆ ಒಪ್ಪಿದರು. ಅದು ಮುಗಿಯಲು 12 ವರ್ಷ ಹಿಡಿಯಿತು. 1890ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಆ ಗ್ರಂಥವೇ ಮನೋವಿಜ್ಞಾನದ ಮೂಲತತ್ತ್ವಗಳು.

ಇಲ್ಲಿ ಒಂದು ಹೋಲಿಕೆ ಮಾಡಲೇಬೇಕು. ತಂಗಿ ಆಲಿಸ್ ಕೂಡ ಎಳೆಯ ವಯಸ್ಸಿನಿಂದ ಇಂಥದೇ ನರಳಿಕೆ ಅನುಭವಿಸಿದರು. ಬುದ್ಧಿಯಲ್ಲಿ ಅಣ್ಣಂದಿರಿಗೆ ಕಡಿಮೆಯಿರಲಿಲ್ಲ. ಆದರೆ ಹಾರ್ವರ್ಡ್ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರನ್ನು ಕರೆದು ಕೆಲಸ ಕೊಡುವ ಎಲಿಯಟ್ ಯಾರೂ ಇರಲಿಲ್ಲ. ಬಹುಪಾಲು ಬದುಕನ್ನು ರೋಗಿಯಾಗಿಯೇ ಕಳೆದು 1892ರಲ್ಲಿ ತೀರಿಕೊಂಡರು. ಒಂದೇ ಮನೆ, ಒಂದೇ ಬಗೆಯ ಸಂಕಟ. ಸಿಕ್ಕಿದ ಅವಕಾಶ ಬೇರೆ. ವಿಲಿಯಂಗೆ ವರ್ಷಗಟ್ಟಲೆ ಕೂತು ತಿನ್ನುವಷ್ಟು ತಂದೆಯ ಆಸ್ತಿಯೂ ಇತ್ತು ಎಂಬುದನ್ನು ಮರೆಯಬಾರದು. ನಮ್ಮ ಕಾಲೇಜುಗಳಿಗೆ ಬರುವ ಬಹಳಷ್ಟು ವಿದ್ಯಾರ್ಥಿಗಳಿಗೆ ಆ ಅನುಕೂಲ ಇಲ್ಲ. ಮನೆ ಕೊಡಲಾಗದ ಬಿಡುವನ್ನು ಅವರಿಗೆ ಸಂಸ್ಥೆಯೇ ಕೊಡಬೇಕಾಗುತ್ತದೆ.

ವಿದ್ಯಾರ್ಥಿಗಳ ಜೊತೆಗಿನ ಜೇಮ್ಸ್

ತಾವು ಪಡೆದದ್ದನ್ನು ಜೇಮ್ಸ್ ಮುಂದಿನವರಿಗೆ ಕೊಟ್ಟರು. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಮಾತಾಡುತ್ತ ಅವರೊಂದಿಗೆ ನಡೆದು ಬರುವುದು ರೂಢಿಯಾಗಿತ್ತು. 1888ರಲ್ಲಿ ಹಾರ್ವರ್ಡ್‌ಗೆ ಬಂದ ಕಪ್ಪು ವಿದ್ಯಾರ್ಥಿ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಕಾಲೇಜಿನ ಗಾಯನ ತಂಡದಲ್ಲಿ ಜಾಗ ಸಿಗಲಿಲ್ಲ. ಬಿಳಿಯ ಸಹಪಾಠಿಗಳಿಂದ ದೂರವೇ ಉಳಿದರು. ಜೇಮ್ಸ್ ಅವರ ಮನೆ ಮಾತ್ರ ಅವರಿಗೆ ತೆರೆದಿತ್ತು. ತತ್ತ್ವಶಾಸ್ತ್ರವನ್ನು ನಂಬಿ ಹೊಟ್ಟೆ ಹೊರೆಯುವುದು ಕಷ್ಟವೆಂದು ಜೇಮ್ಸ್ ಅವರಿಗೆ ನೇರವಾಗಿಯೇ ಹೇಳಿದರು. ಡುಬಾಯ್ಸ್ ಇತಿಹಾಸ ಮತ್ತು ಸಮಾಜ ಅಧ್ಯಯನದ ಕಡೆ ತಿರುಗಿ ದೊಡ್ಡ ವಿದ್ವಾಂಸರಾದರು. ಗುರುಗಳ ಸ್ನೇಹವನ್ನು ಕೊನೆಯವರೆಗೂ ನೆನೆದರು.

1890ರಲ್ಲಿ ಮೇರಿ ಕ್ಯಾಲ್ಕಿನ್ಸ್ ಎಂಬ ಯುವ ಅಧ್ಯಾಪಕಿ ಜೇಮ್ಸ್ ತರಗತಿಗೆ ಬರಲು ಅನುಮತಿ ಕೇಳಿದರು. ಆಡಳಿತ ಮೊದಲು ನಿರಾಕರಿಸಿತು. ಜೇಮ್ಸ್ ಅವರ ಪರ ನಿಂತರು. ಕೊನೆಗೆ ಗಂಡು ವಿದ್ಯಾರ್ಥಿಗಳೆಲ್ಲ ಬಿಟ್ಟುಹೋಗಿ ಕ್ಯಾಲ್ಕಿನ್ಸ್ ಒಬ್ಬರೇ ಉಳಿದಾಗ, ಒಬ್ಬರಿಗಾಗಿಯೇ ಪಾಠ ನಡೆಯಿತು. 1895ರಲ್ಲಿ ಅವರು ಡಾಕ್ಟರೇಟ್ ಮಟ್ಟದ ಪರೀಕ್ಷೆಯನ್ನು ಅತ್ಯುತ್ತಮವಾಗಿ ಮುಗಿಸಿದರೂ ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡ್ ಪದವಿ ಕೊಡಲಿಲ್ಲ. ಒಬ್ಬ ಒಳ್ಳೆಯ ಅಧ್ಯಾಪಕ ಎಷ್ಟು ಮಾಡಬಲ್ಲ, ಸಂಸ್ಥೆಯ ನಿಯಮ ಬದಲಾಗದಿದ್ದರೆ ಎಲ್ಲಿ ನಿಲ್ಲಬೇಕಾಗುತ್ತದೆ ಎಂಬ ಎರಡೂ ಈ ಪ್ರಸಂಗದಲ್ಲಿವೆ.

ಅದೇ 1895ರಲ್ಲಿ ಜೇಮ್ಸ್ ಹಾರ್ವರ್ಡ್‌ನ ಕ್ರೈಸ್ತ ಯುವಕರ ಸಂಘದಲ್ಲಿ, ಬದುಕು ಬಾಳಲು ಯೋಗ್ಯವೇ ಎಂಬ ಪ್ರಶ್ನೆಯನ್ನೇ ವಿಷಯವಾಗಿಟ್ಟು ಭಾಷಣ ಮಾಡಿದರು. ಆತ್ಮಹತ್ಯೆಯ ಮಾತನ್ನು ಸುತ್ತಿಬಳಸದೆ ಎತ್ತಿಕೊಂಡರು. ಅಂಥ ಯೋಚನೆ ಬಂದವರನ್ನು ಹೇಡಿಗಳೆಂದು ಜರೆಯಲಿಲ್ಲ, ಪಾಪಿಗಳೆಂದು ಹೆದರಿಸಲಿಲ್ಲ. ಹೆಚ್ಚು ಓದಿ ಯೋಚಿಸುವವರಲ್ಲೂ ಈ ವಿಷಾದ ಹುಟ್ಟುತ್ತದೆ ಎಂದು ಒಪ್ಪಿಕೊಂಡರು. ನಾಳೆ ಏನಾಗುತ್ತದೋ ನೋಡೋಣ ಎಂಬ ಸಣ್ಣ ಕುತೂಹಲವೂ ಒಂದು ದಿನ ದಾಟಿಸಬಲ್ಲದು, ಬದುಕಿನ ಮೇಲಿನ ನಂಬಿಕೆಯೇ ಬದುಕನ್ನು ಯೋಗ್ಯವಾಗಿಸಲು ನೆರವಾಗುತ್ತದೆ ಎಂಬುದು ಅವರ ವಾದದ ತಿರುಳು. ಎದುರಿಗೆ ಕುಳಿತ ಯುವಕರಿಗೆ, ಈ ಮಾತನ್ನು ನಮ್ಮ ಪ್ರಾಧ್ಯಾಪಕರ ಬಳಿ ಆಡಬಹುದು ಎಂಬ ಸೂಚನೆ ಆ ಭಾಷಣದಿಂದಲೇ ಸಿಕ್ಕಿರಬೇಕು.

ಶಿಕ್ಷಕರಿಗೆ ಹೇಳಿದ ಮಾತುಗಳು

1892ರಲ್ಲಿ ಹಾರ್ವರ್ಡ್ ಆಡಳಿತದ ಕೋರಿಕೆಯಂತೆ ಜೇಮ್ಸ್ ಕೇಂಬ್ರಿಜ್ ಪಟ್ಟಣದ ಶಾಲಾ ಶಿಕ್ಷಕರಿಗೆ ಮನೋವಿಜ್ಞಾನದ ಉಪನ್ಯಾಸಗಳನ್ನು ಕೊಟ್ಟರು. ಅವು 1899ರಲ್ಲಿ, ವಿದ್ಯಾರ್ಥಿಗಳಿಗಾಗಿ ಮಾಡಿದ ಮೂರು ಭಾಷಣಗಳ ಜೊತೆಗೆ ಪುಸ್ತಕವಾದವು. ಮನೋವಿಜ್ಞಾನ ಶಾಸ್ತ್ರ, ಬೋಧನೆ ಕಲೆ; ಶಾಸ್ತ್ರದಿಂದ ಕಲೆ ತಾನಾಗಿ ಹುಟ್ಟುವುದಿಲ್ಲ ಎಂದು ಅವರು ಮೊದಲಿಗೇ ಹೇಳಿದರು. ನಾವು ಹೆಚ್ಚು ಗಮನಿಸಬೇಕಾದ ಇನ್ನೊಂದು ಮಾತೂ ಅಲ್ಲಿದೆ. ಶಿಕ್ಷಕರು ಈಗಾಗಲೇ ಶಕ್ತಿಮೀರಿ ದುಡಿಯುತ್ತಿದ್ದಾರೆ. ಪ್ರತಿ ಮಗುವನ್ನೂ ವೈಜ್ಞಾನಿಕವಾಗಿ ಅಳೆದು ದಾಖಲಿಸುವ ಹೊಸ ಕರ್ತವ್ಯವನ್ನು ಹೇರಬೇಡಿ. ಮಾಡಲಾಗಲಿಲ್ಲವೆಂಬ ಅಪರಾಧಿ ಭಾವ ಉಳಿದೆಲ್ಲ ಹೊರೆಯನ್ನೂ ಹೆಚ್ಚಿಸುತ್ತದೆ ಎಂದು ಅವರು ಎಚ್ಚರಿಸಿದರು. ಶಿಕ್ಷಕರ ಮನಸ್ಸಿನ ಆರೋಗ್ಯವೂ ಶಿಕ್ಷಣದ ವಿಷಯವೇ ಎಂಬುದನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಒಬ್ಬರು ಗುರುತಿಸಿದ್ದರು.

ಪರೀಕ್ಷೆಯಲ್ಲಿ ಹಿಂದೆ ಬೀಳುವ ಮಕ್ಕಳ ಬಗ್ಗೆ ತಾಳ್ಮೆ ಇರಲಿ ಎಂದೂ ಅವರು ಕೇಳಿಕೊಂಡರು. ಒಬ್ಬನ ಹಟ, ಶ್ರದ್ಧೆ, ಒಳಗಿನ ಕಸುವು ಯಾವ ಒಂದು ಪರೀಕ್ಷೆಗೂ ಸಿಗುವುದಿಲ್ಲ, ಅದು ದೀರ್ಘ ಕಾಲದಲ್ಲಷ್ಟೇ ಕಾಣುತ್ತದೆ ಎಂಬುದು ಅವರ ನಿಲುವು. ಇದನ್ನು ಹೇಳಲು ಅವರಿಗಿಂತ ಹೆಚ್ಚಿನ ಅರ್ಹತೆ ಯಾರಿಗಿತ್ತು?

ಮೂರು ಭಾಷಣಗಳಲ್ಲಿ ಒಂದನ್ನು ಮೊದಲು ಕೊಟ್ಟದ್ದು ಬಾಸ್ಟನ್ನಿನ ವ್ಯಾಯಾಮ ಶಿಕ್ಷಕರ ತರಬೇತಿ ಶಾಲೆಯಲ್ಲಿ, ಅಂದರೆ ನಮ್ಮಂಥದೇ ಒಂದು ಸಂಸ್ಥೆಯಲ್ಲಿ. ದೇಹದ ಬಿಗಿತ ಮನಸ್ಸನ್ನೂ ಬಿಗಿಗೊಳಿಸುತ್ತದೆ ಎಂಬ ತಮ್ಮ ಸಂವೇಗ ಸಿದ್ಧಾಂತವನ್ನು ಅಲ್ಲಿ ಬದುಕಿಗೆ ಅನ್ವಯಿಸಿದರು. ಪರೀಕ್ಷೆಯ ಹಿಂದಿನ ದಿನ ಪುಸ್ತಕ ಬದಿಗಿಟ್ಟು ನಿಶ್ಚಿಂತೆಯಿಂದಿರಲು ವಿದ್ಯಾರ್ಥಿಗಳಿಗೆ ಹೇಳಿದರು. ಶಿಕ್ಷಕರಿಗೆ, ವಿಷಯವನ್ನು ಚೆನ್ನಾಗಿ ಅರಗಿಸಿಕೊಂಡು, ತರಗತಿಗೆ ಕಾಲಿಟ್ಟ ಮೇಲೆ ಚಿಂತೆ ಬಿಟ್ಟು ಸಹಜವಾಗಿ ಮಾತಾಡಿ ಎಂದರು. ಅಭ್ಯಾಸಗಳನ್ನು ಕುರಿತ ಉಪನ್ಯಾಸದಲ್ಲಿ, ದಿನಕ್ಕೆ ಅರ್ಧ ಗಂಟೆಯಾದರೂ ಮೌನವಾಗಿ ಕುಳಿತು ಉಸಿರನ್ನು ಹತೋಟಿಗೆ ತರುವ ರೂಢಿಯಿಲ್ಲದೆ ಅಮೆರಿಕನ್ನರು ಹೇಗೆ ಬದುಕುತ್ತಾರೋ ಎಂದು ಭಾರತದ ಅತಿಥಿಯೊಬ್ಬರು ಬೆರಗುಪಟ್ಟದ್ದನ್ನು ಅವರು ಉಲ್ಲೇಖಿಸಿದ್ದಾರೆ. ಇಂದು ಅದೇ ಅತಿಥಿ ನಮ್ಮ ಸಿಬ್ಬಂದಿ ಕೊಠಡಿಗೆ ಬಂದರೆ ಏನೆನ್ನುತ್ತಿದ್ದರೋ!

1903ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಡಾಕ್ಟರೇಟ್ ಪದವಿಯ ವ್ಯಾಮೋಹವನ್ನು ಆಕ್ಟೋಪಸ್‌ಗೆ ಹೋಲಿಸಿದರು. ಪ್ರತಿಭಾವಂತ ಯುವಕರೊಬ್ಬರಿಗೆ ಕಾಲೇಜಿನಲ್ಲಿ ಸಾಹಿತ್ಯ ಕಲಿಸುವ ಕೆಲಸ ಸಿಕ್ಕಿ, ಡಾಕ್ಟರೇಟ್ ಇಲ್ಲವೆಂದು ತಿಳಿದ ಮೇಲೆ ಅದನ್ನು ಪಡೆಯಲೇಬೇಕೆಂಬ ಒತ್ತಡಕ್ಕೆ ಸಿಲುಕಿದ ಪ್ರಸಂಗವನ್ನು ಅಲ್ಲಿ ವಿವರಿಸಿದರು. ಚೆನ್ನಾಗಿ ಪಾಠ ಹೇಳಬಲ್ಲವರು ಪದವಿಯ ಸೋಲಿನಿಂದ ಜೀವನವಿಡೀ ಕುಗ್ಗುವುದಕ್ಕೆ ವಿಶ್ವವಿದ್ಯಾಲಯಗಳೇ ಹೊಣೆ ಎಂಬುದು ಅವರ ದೂರು.

ಕೊನೆಯ ವರ್ಷಗಳು

1898ರಿಂದ ಜೇಮ್ಸ್‌ರ ಹೃದಯ ದುರ್ಬಲವಾಯಿತು. ಸುಮಾರು ಎರಡು ವರ್ಷ ಯೂರೋಪಿನಲ್ಲಿ ಚಿಕಿತ್ಸೆ ಪಡೆದರು. 1906ರಲ್ಲಿ ಕ್ಲಿಫರ್ಡ್ ಬಿಯರ್ಸ್ ಎಂಬ ಯುವಕ ಒಂದು ಹಸ್ತಪ್ರತಿ ಕಳಿಸಿದರು. ಯೇಲ್ ಪದವೀಧರರಾದ ಬಿಯರ್ಸ್ 1900ರಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದು, ಬಳಿಕ ಮಾನಸಿಕ ಆಸ್ಪತ್ರೆಗಳಲ್ಲಿ ಕ್ರೌರ್ಯ ಅನುಭವಿಸಿದ್ದರು. ಜೇಮ್ಸ್ ಅದನ್ನು ಓದಿ ಮೆಚ್ಚಿ ಪತ್ರ ಬರೆದರು. 1908ರಲ್ಲಿ ಬಂದ ಆ ಆತ್ಮಕಥೆಗೆ ಅವರ ಪತ್ರವೇ ಮುನ್ನುಡಿಯಾಯಿತು. 1909ರಲ್ಲಿ ಮಾನಸಿಕ ಆರೋಗ್ಯಕ್ಕಾಗಿ ರಾಷ್ಟ್ರೀಯ ಸಮಿತಿ ಸ್ಥಾಪನೆಯಾದಾಗ ಜೇಮ್ಸ್ ಅದರ ಜೊತೆಗಿದ್ದರು. 1907ರಲ್ಲಿ ಹಾರ್ವರ್ಡ್‌ನಿಂದ ನಿವೃತ್ತರಾಗಿದ್ದ ಅವರು 1910ರ ಆಗಸ್ಟ್ 26ರಂದು ನ್ಯೂ ಹ್ಯಾಂಪ್‌ಶೈರ್‌ನ ತಮ್ಮ ಮನೆಯಲ್ಲಿ ನಿಧನರಾದರು.

ನಮ್ಮ ಬೋಧನಾಭ್ಯಾಸಕ್ಕೆ

ಈ ಬದುಕಿನಿಂದ ತಿಳಿಯುವ ಮುಖ್ಯ ಸಂಗತಿ ಒಂದು. ಕುಗ್ಗಿದ ಮನಸ್ಸು ಶಿಕ್ಷಕ ವೃತ್ತಿಗೆ ಅನರ್ಹತೆಯಲ್ಲ. ಆದರೆ ಆ ಮನಸ್ಸು ತನ್ನ ಇಚ್ಛಾಶಕ್ತಿಯಿಂದ ಮಾತ್ರ ಎದ್ದು ನಿಲ್ಲುವುದೂ ಇಲ್ಲ. ಹೊರಬಲ್ಲಷ್ಟು ಕೆಲಸ, ಬೇಕಾದಾಗ ಬಿಡುವು, ಹಿಂದೆ ಬಂದಾಗ ಕಾದಿರುವ ಸ್ಥಾನ, ಮಾತು ಕೇಳುವ ಒಬ್ಬ ಹಿರಿಯರು ಇವು ಬೇಕು.

ಬೋಧನಾಭ್ಯಾಸದ ವಾರಗಳಲ್ಲಿ ಪ್ರಶಿಕ್ಷಣಾರ್ಥಿಗಳು ರಾತ್ರಿಯೆಲ್ಲ ಪಾಠಯೋಜನೆ ಬರೆದು, ಚಾರ್ಟ್ ಮಾಡಿ, ಬೆಳಿಗ್ಗೆ ನಡುಗುತ್ತ ತರಗತಿಗೆ ಹೋಗುವುದನ್ನು ನಾವು ನೋಡುತ್ತೇವೆ. ಒಂದೆರಡು ಕ್ರಮಗಳು ನಮ್ಮ ಕೈಯಲ್ಲೇ ಇವೆ. ಪಾಠ ವೀಕ್ಷಣೆಯ ಟೀಕೆಯನ್ನು ಮಕ್ಕಳ ಮುಂದೆ ಹೇಳದೆ, ಆ ದಿನವೇ ಬೇರೆಯಾಗಿ ಕೂರಿಸಿಕೊಂಡು, ಚೆನ್ನಾಗಿ ಬಂದುದರಿಂದ ಆರಂಭಿಸಿ ಹೇಳಬಹುದು. ಮೊದಲ ಪಾಠ ಕೆಟ್ಟವರಿಗೆ ಅದೇ ಪಾಠವನ್ನು ಇನ್ನೊಂದು ವಿಭಾಗದಲ್ಲಿ ಮಾಡಲು ಅವಕಾಶ ಕೊಡಬಹುದು. ಆರೋಗ್ಯ ಕೆಟ್ಟು ಪಾಠಗಳು ಉಳಿದವರಿಗೆ, ವಿಶ್ವವಿದ್ಯಾಲಯದ ನಿಯಮದೊಳಗೆ, ಅವನ್ನು ಮುಗಿಸುವ ದಿನಗಳನ್ನು ಮೊದಲೇ ಗೊತ್ತುಮಾಡಿಟ್ಟರೆ ಅವರು ಓದು ಬಿಟ್ಟುಹೋಗುವ ಯೋಚನೆ ಮಾಡುವುದಿಲ್ಲ. ಬೋಧಕರ ವಿಷಯದಲ್ಲೂ ಇದೇ ಮಾತು. ಹೊಸ ದಾಖಲೆ ಪುಸ್ತಕವೊಂದನ್ನು ಸೇರಿಸುವ ಮುನ್ನ ಹಳೆಯದೊಂದನ್ನು ತೆಗೆಯಲಾಗುವುದೇ ಎಂದು ಸಿಬ್ಬಂದಿ ಸಭೆ ಕೇಳಿಕೊಳ್ಳಲಿ.

ಸಂಕಟ ನಮ್ಮ ಅಳವು ಮೀರಿದ್ದೆಂದು ಕಂಡಾಗ ಉಪದೇಶ ಮಾಡುತ್ತ ಕೂರಬಾರದು. ಆತ್ಮಹತ್ಯೆಯ ಮಾತು ಕಿವಿಗೆ ಬಿದ್ದರೆ ನೇರವಾಗಿ, ಮೃದುವಾಗಿ ಕೇಳಬೇಕು. ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಇರಬೇಕು.

ಮುಂದಿನ ಸಲ ಶೈಕ್ಷಣಿಕ ಮನೋವಿಜ್ಞಾನದ ತರಗತಿಯಲ್ಲಿ ಜೇಮ್ಸ್–ಲ್ಯಾಂಗ್ ಸಿದ್ಧಾಂತ ಹೇಳುವಾಗ ಈ ಕಥೆಗೂ ಹತ್ತು ನಿಮಿಷ ಕೊಡಬಹುದು. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಒಬ್ಬರಿಗೆ ಅದು ಸಿದ್ಧಾಂತಕ್ಕಿಂತ ಹೆಚ್ಚು ಬೇಕಾಗಿರಬಹುದು.